ತಮ್ಮ ಕೊಟ್ಟ ಮೂತ್ರಪಿಂಡ, ಅದರೊಳಗಿನ ಒಕ್ಕಲು

ಹಳೇಬೀಡಿನಲ್ಲಿ ನಮ್ಮ ಯಜಮಾನರ ತಂಗಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಾಗ ನಾನು ಹೋಗಬಾರದಿತ್ತೆಂದು ಈಗಲೂ ಹೇಳುವವರಿದ್ದಾರೆ. ಹೋಗದೆ ಇದ್ದಿದ್ದರೆ ಅವರೇ ಏನು ಹೇಳುತ್ತಿದ್ದರೆಂಬುದೂ ನನಗೆ ತಿಳಿದಿದೆ. ಆದ್ದರಿಂದ ಹೋದೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಕುದಿಸಿ ಆರಿಸಿದ ನೀರಿನ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು, ಬೇಲೂರಿನಲ್ಲಿ ಜನ ತುಂಬುವ ಮೊದಲೇ ಬಸ್ಸು ಹತ್ತಿ ಕಿಟಕಿಯ ಪಕ್ಕದ ಜಾಗ ಹಿಡಿದು ಹೋದೆ. ನನ್ನ ಬಲಗಡೆಯ ಕಿಬ್ಬೊಟ್ಟೆಯಲ್ಲಿ ನನ್ನ ತಮ್ಮನ ಮೂತ್ರಪಿಂಡವಿದೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನನ್ನ ಸ್ವಂತದವೆರಡೂ ಕೆಟ್ಟು, ಡಯಾಲಿಸಿಸ್ಸಿನ ಕುರ್ಚಿಯಲ್ಲಿ ನನ್ನ ನಿವೃತ್ತಿಯ ಮೊದಲ ವರ್ಷಗಳು ಕಳೆದುಹೋದ ಮೇಲೆ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸುವ ನನ್ನ ತಮ್ಮ ತನ್ನದೊಂದನ್ನು ಕೊಟ್ಟ. ಕೊಡುವ ಮುನ್ನ ಅನುಮತಿ ನೀಡುವ ಸಮಿತಿಯವರು ಅವನನ್ನು ಒಬ್ಬನನ್ನೇ ಒಳಗೆ ಕೂರಿಸಿ, ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ವಿಚಾರಿಸಿದರಂತೆ. ಇವನು, "ಇಲ್ಲ ಸಾರ್, ನಮ್ಮ ಮಂಡಿ ಮಾಲು, ಗ್ಯಾರಂಟಿ ಐತೆ" ಎಂದನಂತೆ. ಆ ಮಾತನ್ನು ಹೇಳಿಕೊಂಡು ನಾವು ಬಹಳ ಕಾಲ ನಕ್ಕೆವು.

ಗೃಹಪ್ರವೇಶದ ದಿನ ಅವನೂ ಬಂದಿದ್ದ. ಪೂಜೆಯಾಯಿತು, ಅಯ್ಯನವರ ಪಾದಪೂಜೆಯಾಯಿತು, ಪಾದೋದಕದ ಬಟ್ಟಲು ಸಾಲಿನಲ್ಲಿ ಬಂತು. ನಾನು ಅದನ್ನು ಎರಡೂ ಕೈಯಲ್ಲಿ ಪಡೆದು ಕಣ್ಣಿಗೊತ್ತಿಕೊಂಡು ತಲೆಗೆ ಸವರಿಕೊಂಡೆ, ಕುಡಿಯಲಿಲ್ಲ. ಕುದಿಸದ ನೀರನ್ನು ನನ್ನ ಬಾಯಿಗೆ ಹಾಕಕೂಡದೆಂಬುದು ವೈದ್ಯರ ಆಜ್ಞೆ. ಅಯ್ಯನವರಿಗೆ ಮೊದಲೇ ಹೇಳಿಕೊಂಡಿದ್ದೆ. ಅವರು "ಭಕ್ತಿ ಮುಖ್ಯ ತಾಯಿ" ಎಂದು ಅಲ್ಲಿಗೇ ಬಿಟ್ಟಿದ್ದರು. ಬಿಡದವಳು ಮನೆಯೊಡತಿ. ಊಟದ ಸಾಲಿನಲ್ಲಿ ಹೋಳಿಗೆ ಬಡಿಸುತ್ತ ಬಂದು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಅಂದಳು:

"ಅಲ್ಲ ಅತ್ಗೆ, ಅಯ್ಯನೋರ ಪಾದೋದಕದಲ್ಲಿ ಯಾವ ಹುಳ ಇರ್ತದೆ ಅಂತ ಹೆದರ್ತೀರಿ? ನಿಮ್ಮ ತವರಿಂದ ಒಳಗೇ ಇಟ್ಟು ಕಳಿಸಿದಾರಲ್ಲ, ಆ ಹುಳಕ್ಕಿಂತ ದೊಡ್ಡದಾ?"

ನನ್ನ ತಮ್ಮ ಎದುರುಸಾಲಿನಲ್ಲಿ ಕುಳಿತಿದ್ದ. ಅವನ ಎಲೆಯ ಮೇಲೆ ಹೋಳಿಗೆ ಇತ್ತು, ತುಪ್ಪ ಬಿದ್ದಿತ್ತು. ಅವನು ಅದನ್ನು ಮುಟ್ಟದೆ ಎದ್ದ. ಸಾಲು ಏಳುವ ಮೊದಲು ಎಲೆ ಬಿಟ್ಟೇಳುವುದು ನಮ್ಮಲ್ಲಿ ಎಂಥ ಮಾತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಮಾಸ್ಕ್ ಕೆಳಗಿಳಿಸಿ ಅವಳಿಗೆ ಕೊಡಬೇಕಾದ ಉತ್ತರವನ್ನು ಕೊಟ್ಟೆ, ಆದರೆ ಅದನ್ನು ಕೇಳಬೇಕಾಗಿದ್ದವನು ಅಷ್ಟರಲ್ಲಿ ಕೈ ತೊಳೆದು, "ಮಂಡೀಲಿ ಲೋಡ್ ಐತೆ" ಎಂದು ಯಾರಿಗೋ ಹೇಳಿ, ಹೊರಟುಹೋಗಿದ್ದ.

ಅವಳಿಗೆ ಆ ಸುದ್ದಿ ಹೇಗೆ ತಿಳಿಯಿತೆಂದು ನಾನು ಪತ್ತೆ ಮಾಡಬೇಕಾಗಿರಲಿಲ್ಲ. ನಮ್ಮ ಯಜಮಾನರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಹತ್ತಿದವರಿಗೆಲ್ಲ ಮುಂದಿನ ನಿಲ್ದಾಣ ಯಾವುದೆಂದು ಕೂಗಿ ಹೇಳುವುದು ಅವರಿಗೆ ಉಸಿರಿನಷ್ಟು ಸಹಜ. ಬೆಂಗಳೂರಿನ ವೈದ್ಯರು ಹೇಳಿದ ಮಾತಿನ ಮೊದಲರ್ಧವನ್ನು ಕೇಳಿ, ಉಳಿದರ್ಧ ಮುಗಿಯುವ ಮೊದಲೇ ಹೊರಗೆ ಹೋಗಿ, ಅವರು ತಂಗಿಗೆ ಫೋನು ಮಾಡಿದ್ದರು.

ವೈದ್ಯರು ಹೇಳಿದ್ದನ್ನು ನಾನು ಪೂರ್ತಿ ಕೇಳಿದ್ದೇನೆ. ಅದನ್ನು ಇಲ್ಲಿ ಪೂರ್ತಿಯಾಗಿಯೇ ಬರೆಯುತ್ತೇನೆ.

ನನ್ನ ರಕ್ತದಲ್ಲಿ ಒಂದು ವೈರಸ್ಸು ಕಾಣಿಸಿಕೊಂಡಿತ್ತು. ಅದು ಹೊರಗಿನಿಂದ ನಿನ್ನೆ ಮೊನ್ನೆ ಬಂದದ್ದಲ್ಲ. ಬಹುಪಾಲು ಮನುಷ್ಯರ ದೇಹಕ್ಕೆ ಚಿಕ್ಕಂದಿನಲ್ಲೇ, ನೆಗಡಿಯೋ ಜ್ವರವೋ ಎನ್ನುವಷ್ಟರಲ್ಲಿ, ಒಳಗೆ ಬಂದು ಮೂತ್ರಪಿಂಡದಲ್ಲಿ ನೆಲೆಯೂರುತ್ತದೆ. ಆಮೇಲೆ ಸದ್ದಿಲ್ಲ. ಜೀವಮಾನವಿಡೀ ಅದು ಅಲ್ಲಿದ್ದರೂ ಹೊತ್ತವನಿಗೆ ತಿಳಿಯುವುದಿಲ್ಲ. ದೇಹದ ಕಾವಲು ಗಟ್ಟಿಯಾಗಿರುವ ತನಕ ಅದು ತಲೆಯೆತ್ತುವುದಿಲ್ಲ. ತಲೆಯೆತ್ತದ್ದರಿಂದ ಕಾವಲಿನ ಕಣ್ಣಿಗೂ ಬೀಳುವುದಿಲ್ಲ. ನಾನು ಬೇಲೂರಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಗುಮಾಸ್ತಳಾಗಿ ಕೂದಲು ಹಣ್ಣು ಮಾಡಿಕೊಂಡವಳು. ಇಂಥವರನ್ನು ಬಲ್ಲೆ. ಬೇರೆಯವರ ಸರ್ವೆ ನಂಬರಿನ ಮೂಲೆಯಲ್ಲಿ ಒಂದು ಗುಡಿಸಲು ಹಾಕಿಕೊಂಡು, ಬೇಲಿ ಕದಲಿಸದೆ, ಜಗಳವಾಡದೆ, ಯಾರ ಬಾಯಿಗೂ ಬೀಳದೆ ಇರುವವರು. ಯಜಮಾನ ಗಟ್ಟಿಗನಾಗಿರುವ ತನಕ ಅಂಥ ಒಕ್ಕಲು ತಲೆತಗ್ಗಿಸಿಕೊಂಡಿರುತ್ತದೆ. ಅವನು ಹಾಸಿಗೆ ಹಿಡಿದ ದಿನ ಅವನ ಹೊಲಕ್ಕೇ ನೇಗಿಲು ಹೂಡುತ್ತದೆ.

ನನ್ನ ಕಾವಲು ಹಾಸಿಗೆ ಹಿಡಿದದ್ದು ತಾನಾಗಿ ಅಲ್ಲ. ಅದನ್ನು ಮಲಗಿಸಿದ್ದು ಮಾತ್ರೆಗಳು. ಇನ್ನೊಬ್ಬರ ಅಂಗವನ್ನು ದೇಹ ಪರಕೀಯವೆಂದು ಹೊಡೆದು ಹಾಕಬಾರದೆಂದು ಆ ಮಾತ್ರೆಗಳನ್ನು ಜೀವ ಇರುವ ತನಕ ನುಂಗಬೇಕು. ಕಾವಲು ಮಲಗಿದರೆ ತಮ್ಮನ ಮೂತ್ರಪಿಂಡ ಉಳಿಯುತ್ತದೆ, ಆದರೆ ಅದರೊಳಗಿನ ಒಕ್ಕಲು ಎದ್ದು ಆ ಮೂತ್ರಪಿಂಡವನ್ನೇ ಒಳಗಿನಿಂದ ಹಾಳುಮಾಡುತ್ತದೆ. ಕಾವಲು ಎದ್ದರೆ ಒಕ್ಕಲು ಅಡಗುತ್ತದೆ, ಆದರೆ ಎದ್ದ ಕಾವಲು ತಮ್ಮನ ಮೂತ್ರಪಿಂಡವನ್ನೂ ಗುರುತಿಸಿ ಅದರ ಮೇಲೆ ಬೀಳಬಹುದು. ಈ ವೈರಸ್ಸಿಗೆಂದೇ ನೆಚ್ಚಬಹುದಾದ ಔಷಧಿ ಇಲ್ಲ. ಮಾತ್ರೆಯನ್ನು ಸ್ವಲ್ಪ ಇಳಿಸುವುದು, ರಕ್ತ ಪರೀಕ್ಷಿಸುವುದು, ಕಾಯುವುದು, ಇಷ್ಟೇ ಉಪಾಯ. "ಕಾವಲಿನವನು ಕಣ್ಣು ಬಿಡಬೇಕು, ಆದರೆ ಹಾಸಿಗೆಯಿಂದ ಇಳಿಯಬಾರದು, ಅಷ್ಟೇ ಅಲ್ಲವೇ?" ಎಂದೆ. ವೈದ್ಯರು ನಕ್ಕು, "ನೀವು ನನಗಿಂತ ಚೆನ್ನಾಗಿ ಹೇಳಿದಿರಿ ಅಮ್ಮ" ಎಂದರು.

ಆ ವೈರಸ್ಸಿಗೆ ಇಂಗ್ಲಿಷಿನ ಎರಡು ಅಕ್ಷರಗಳ ಹೆಸರಿದೆ. ಏಕೆಂದು ಕೇಳಿದೆ. ಅದು ಮೊದಲು ಸಿಕ್ಕಿದ್ದು ನನ್ನ ಹಾಗೆಯೇ ಮೂತ್ರಪಿಂಡ ಹಾಕಿಸಿಕೊಂಡ ಒಬ್ಬ ರೋಗಿಯಲ್ಲಂತೆ. ಆ ರೋಗಿಯ ಹೆಸರಿನ ಮೊದಲಕ್ಷರಗಳನ್ನೇ ಅದಕ್ಕಿಟ್ಟರಂತೆ. ಇದನ್ನು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕಂಡುಹಿಡಿದವರು ತಮ್ಮ ಹೆಸರನ್ನು ಇಟ್ಟುಕೊಳ್ಳಬಹುದಿತ್ತು. ನರಳಿದವರ ಹೆಸರನ್ನು ನರಳಿಸಿದ್ದಕ್ಕೆ ಇಟ್ಟರು.

ಕೊನೆಗೆ, ಇದು ಎಲ್ಲಿಂದ ಬಂತೆಂದು ಕೇಳಿದೆ. ವೈದ್ಯರು ಪೆನ್ನು ಕೆಳಗಿಟ್ಟು ಹೇಳಿದರು: "ಕೊಟ್ಟವರ ಕಿಡ್ನಿ ಜೊತೆ ಬಂದಿರೋ ಸಾಧ್ಯತೆ ಜಾಸ್ತಿ." ನಮ್ಮ ಯಜಮಾನರು ಎದ್ದುಹೋದದ್ದು ಇಲ್ಲಿ. "ಆದರೆ ನಿಮ್ಮದೇ ಹಳೇದೂ ಆಗಿರಬಹುದು. ಖಚಿತವಾಗಿ ಹೇಳೋಕೆ ಆಗಲ್ಲ. ಹೇಳಿದ್ರೂ ಅದರಿಂದ ಏನೂ ಆಗಬೇಕಾದ್ದಿಲ್ಲ ಅಮ್ಮ. ನನ್ನ ಕಿಡ್ನೀಲೂ ಇರಬಹುದು, ಆಚೆ ಕೂತಿರೋ ನರ್ಸ್ ಕಿಡ್ನೀಲೂ ಇರಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ."

ಹಳೇಬೀಡಿಗೆ ತಲುಪಿದ್ದು ಈ ಮಾತಿನ ಮೊದಲ ವಾಕ್ಯ ಮಾತ್ರ.

ಗೃಹಪ್ರವೇಶದ ಮೇಲೆ ಊರಿಗೆಲ್ಲ ವಿಷಯ ತಿಳಿಯಿತು. ಬೇಲೂರಿನಲ್ಲಿ ನಮ್ಮ ಬೀದಿ ಸಜ್ಜನರ ಬೀದಿ. ಒಬ್ಬೊಬ್ಬರೂ ಒಂದೊಂದು ಔಷಧಿಯೊಂದಿಗೆ ಬಂದರು. ಕೊರೋನಾ ಕಾಲದಿಂದ ನಮ್ಮ ಜನಕ್ಕೆ ರೋಗನಿರೋಧಕ ಶಕ್ತಿ ಎಂಬ ಮಾತು ದೇವರ ನಾಮದ ಹಾಗೆ ಬಾಯಿಪಾಠವಾಗಿದೆ. ಪಕ್ಕದ ಮನೆಯಾಕೆ ಸ್ಟೀಲಿನ ಚೊಂಬಿನಲ್ಲಿ ಅಮೃತಬಳ್ಳಿಯ ಕಷಾಯ ತಂದು, ನಾನು ಬಾಗಿಲಲ್ಲಿ ನಿಂತಿದ್ದಂತೆಯೇ ಮುಚ್ಚಳ ತೆಗೆದರು.

"ಬಿಸಿಬಿಸಿ ಐತೆ, ಒಂದೇ ಗುಟುಕಿಗೆ ಕುಡೀರಿ. ನಿರೋಧಕ ಶಕ್ತಿ ಹೆಂಗ್ ಏರ್ತದೆ ನೋಡಿ."

"ಅದು ಏರಬಾರದು ಕಣ್ರೀ ನನಗೆ."

"ಏರಬಾರ್ದಾ?"

"ಏರಿದರೆ ಕಿಡ್ನಿ ಹೋಗುತ್ತೆ."

ಆಕೆ ಚೊಂಬನ್ನೂ ನನ್ನನ್ನೂ ನೋಡಿ, "ಶಕ್ತಿ ಬೇಡ ಅನ್ನೋ ಕಾಯಿಲೇನ ನಾನು ಕೇಳಿರಲೇ ಇಲ್ಲ ಬಿಡಿ. ಕುಡಿಯಲ್ಲ ಅಂತಿದ್ರೆ ನೇರ ಹೇಳಬಹುದಿತ್ತು" ಎಂದು ತಿರುಗಿ ಹೋದರು. ಅಂದಿನಿಂದ ಆಕೆ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ. ದೊಡ್ಡವಳೆಂಬ ಅಹಂಕಾರದಿಂದ ನಾನು ಕಷಾಯ ತಿರಸ್ಕರಿಸಿದೆನೆಂದು ಹೇಳಿಕೊಂಡಿದ್ದಾರೆ. ಒಂದೇ ಸಂಗತಿಯನ್ನು ಎಷ್ಟು ಬಾಗಿಲುಗಳಲ್ಲಿ ನಿಂತು ವಿವರಿಸುವುದು? ಒಂದು ಹಂತದ ಮೇಲೆ ನಾನು ವಿವರಿಸುವುದನ್ನು ಬಿಟ್ಟೆ. ತಂದದ್ದನ್ನು ಇಸಿದುಕೊಂಡು, ಅವರು ಹೋದ ಮೇಲೆ ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದೆ. ಗಿಡ ಚೆನ್ನಾಗಿ ಬಂದಿದೆ.

ಆದರೆ ಈ ಮಾತುಗಳೆಲ್ಲ ಹೊರಗಿನವರವು. ನನ್ನನ್ನು ನಿಜವಾಗಿ ಸವೆಸಿದ್ದು ಅರಸೀಕೆರೆಯ ರೈಲು ನಿಲ್ದಾಣ. ಬೆಂಗಳೂರಿಗೆ ತೋರಿಸಿಕೊಳ್ಳಲು ಹೋಗುವಾಗ ಬೇಲೂರಿನಿಂದ ಅರಸೀಕೆರೆಗೆ ಬಸ್ಸು, ಅಲ್ಲಿಂದ ರೈಲು. ಶಸ್ತ್ರಚಿಕಿತ್ಸೆಯಾದಂದಿನಿಂದ ಪ್ರತಿ ಸಲವೂ ತಮ್ಮ ನಿಲ್ದಾಣಕ್ಕೆ ಬರುತ್ತಿದ್ದ. ತನ್ನ ಮನೆಯಲ್ಲಿ ಮಾಡಿಸಿದ ಬಿಸಿ ಇಡ್ಲಿಯ ಡಬ್ಬಿ ಕೊಟ್ಟು, ನನ್ನ ಹೊಟ್ಟೆಯ ಕಡೆ ಗದ್ದ ಎತ್ತಿ, "ಹೆಂಗವ್ನೆ ನಮ್ಮೋನು?" ಎನ್ನುತ್ತಿದ್ದ. "ಅವನು ಚೆನ್ನಾಗಿದ್ದಾನೆ, ನೀನು ಹೇಗಿದ್ದೀಯೋ?" ಎಂದು ನಾನು. ಗೃಹಪ್ರವೇಶದ ನಂತರ ಹೋದಾಗ ಅವನು ಬರಲಿಲ್ಲ. ಫೋನು ಮಾಡಿದರೆ ತಮ್ಮನ ಹೆಂಡತಿ ಎತ್ತಿ, "ಮಂಡಿಗೆ ಹೋಗವ್ರೆ" ಎಂದಳು, ಇನ್ನೊಂದು ಮಾತಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ. ನಾನು ಬೆಂಚಿನ ಮೇಲೆ ಕುಳಿತು ಮೇಲ್ಸೇತುವೆಯ ಮೆಟ್ಟಿಲುಗಳನ್ನೇ ನೋಡುತ್ತಿದ್ದೆ. ನಮ್ಮ ಯಜಮಾನರು ಅಂಗಡಿಯ ಇಡ್ಲಿ ತರುತ್ತೇನೆಂದರು. ಅದು ನನಗೆ ನಿಷಿದ್ಧವೆಂದು ಅವರಿಗೆ ಇಷ್ಟು ವರ್ಷಗಳಾದರೂ ನೆನಪಿಲ್ಲ.

ನನ್ನ ನಾದಿನಿ ಆಡಿದ ಮಾತಿಗೆ ತಮ್ಮ ನನ್ನ ಮೇಲೆ ಮುನಿದಿದ್ದಾನೆಂದು ತಿಳಿದೆ. ಒಂದು ಅಂಗವನ್ನೇ ಕೊಟ್ಟವನಿಗೆ ಮುನಿಯುವ ಹಕ್ಕಿಲ್ಲವೆಂದು ಹೇಳಲಾರೆ. ಆದರೆ ಅಂದವಳು ನಾನಲ್ಲ. ನಾನು ಆಡದ ಮಾತಿಗೆ ನನ್ನನ್ನು ಹೊಣೆ ಮಾಡಿದ್ದು ನನಗೆ ಅನ್ಯಾಯವೆನಿಸಿತು. ನಾನಾಗಿ ಮತ್ತೆ ಫೋನು ಮಾಡುವುದಿಲ್ಲವೆಂದು ನಿಶ್ಚಯಿಸಿದೆ.

ಅಷ್ಟರಲ್ಲಿ ರಕ್ತದ ಅಂಕಿಗಳು ಹದಗೆಟ್ಟವು. ಎರಡು ಬಗೆಯ ಮಾತ್ರೆಗಳಲ್ಲಿ ಒಂದನ್ನು ಅರ್ಧಕ್ಕೆ ಇಳಿಸಿದ್ದರೂ ವೈರಸ್ಸು ಇಳಿಯಲಿಲ್ಲ, ಮೂತ್ರಪಿಂಡದ ಕೆಲಸವೂ ಕುಗ್ಗುತ್ತ ಬಂತು. ಕುಗ್ಗುತ್ತಿರುವುದು ಒಕ್ಕಲು ಹಾಳುಮಾಡುತ್ತಿರುವುದರಿಂದಲೋ, ಮಾತ್ರೆ ಇಳಿಸಿದ್ದರಿಂದ ಕಾವಲು ಎದ್ದು ಹೊಡೆಯುತ್ತಿರುವುದರಿಂದಲೋ, ರಕ್ತ ನೋಡಿ ಹೇಳಲು ಬರುವುದಿಲ್ಲ. ಮೊದಲನೆಯದಾದರೆ ಮಾತ್ರೆಯನ್ನು ಇನ್ನೂ ಇಳಿಸಬೇಕು, ಎರಡನೆಯದಾದರೆ ಏರಿಸಬೇಕು. ತಪ್ಪು ಊಹಿಸಿದರೆ ತಮ್ಮನ ಮೂತ್ರಪಿಂಡ ಹೋದಂತೆಯೇ. ಆದ್ದರಿಂದ ಸೂಜಿ ಚುಚ್ಚಿ ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದಕ್ಕಾಗಿ ಆಸ್ಪತ್ರೆಯಲ್ಲಿ ಉಳಿದು, ಫಲಿತಾಂಶವನ್ನು ಫೋನಿನಲ್ಲಿ ತಿಳಿಸುತ್ತೇವೆಂದು ಅವರು ಹೇಳಿದ ಮೇಲೆ, ರೈಲು ಹತ್ತಿ ಅರಸೀಕೆರೆಗೆ ಬಂದಿಳಿದೆವು.

ಅಲ್ಲಿ ನನ್ನ ನಿಶ್ಚಯ ಮುರಿಯಿತು. ಬಸ್ ನಿಲ್ದಾಣದ ಕಡೆ ಹೊರಟಿದ್ದ ಆಟೋದವನಿಗೆ ಮಂಡಿಗೆ ತಿರುಗಿಸು ಎಂದೆ.

"ಮಂಡಿಗಾ? ಕೊಬ್ಬರಿ ಧೂಳಿನಲ್ಲಿ ಕಾಲಿಡಬೇಡಿ ಅಂತ ಡಾಕ್ಟ್ರು ಹೇಳಿಲ್ವೇನೇ?" ಎಂದರು ಯಜಮಾನರು.

"ಒಳಗೆ ಹೋಗಲ್ಲ. ರಸ್ತೇಲಿ ನಿಂತ್ಕೋತೀನಿ."

ನಮ್ಮ ತಂದೆ ಕಟ್ಟಿದ ಮಂಡಿ ಅದು. ಉಂಡೆ ಕೊಬ್ಬರಿಯ ವ್ಯಾಪಾರ ನಂಬಿಕೆಯ ವ್ಯಾಪಾರ. ಸಿಪ್ಪೆಯೊಳಗಿನ ಕಾಯಿಯನ್ನು ವರ್ಷವಿಡೀ ಅಟ್ಟದ ಮೇಲೆ ಒಣಗಲು ಬಿಟ್ಟು, ಅದು ಒಳಗೆ ಕಳಚಿ ಲೊಟಲೊಟ ಎಂದಾಗ ಒಡೆದು ಉಂಡೆ ತೆಗೆಯುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲ ಉಂಡೆಗಳೂ ಒಂದೇ. ಕೆಲವು ಒಳಗೆ ಕೆಟ್ಟು ಕೌಟು ಹಿಡಿದಿರುತ್ತವೆ. ಎಂಥ ಕಣ್ಣಿಗೂ ಕಾಣುವುದಿಲ್ಲ. ದೂರದ ಉತ್ತರ ಭಾರತದಲ್ಲಿ ಗಿರಾಕಿ ಉಂಡೆ ಒಡೆದಾಗ ಕೌಟು ಸಿಕ್ಕಿದರೆ ನಮ್ಮ ತಂದೆ ವಾದಿಸುತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ ಎನ್ನುತ್ತಿರಲಿಲ್ಲ, ರೈತ ಕೊಟ್ಟದ್ದು ಎನ್ನುತ್ತಿರಲಿಲ್ಲ. ಮಾಲು ವಾಪಸು ಕರೆಸಿಕೊಂಡು ಬೇರೆ ಕಳಿಸುತ್ತಿದ್ದರು. "ನಮ್ಮ ಮಂಡಿಯಿಂದ ಹೋಯ್ತು ಅಂದ್ಮೇಲೆ ನಮ್ದೇ" ಎಂಬುದಷ್ಟೇ ಅವರ ಮಾತು. ತಮ್ಮ ಆ ಮಾತಿನಲ್ಲೇ ಬೆಳೆದವನು.

ರಸ್ತೆಯ ಆಚೆ ಬದಿಯಲ್ಲಿ, ಮುಚ್ಚಿದ್ದ ಅಂಗಡಿಯೊಂದರ ಜಗಲಿಯ ಮುಂದೆ ನಿಂತೆ. ಯಜಮಾನರು ಕರೆಯಲು ಹೋದರು. ಆದರೆ ಮೊದಲು ಹೊರಬಂದದ್ದು ತಮ್ಮನ ಹೆಂಡತಿ. ಊಟದ ಕ್ಯಾರಿಯರ್ ತಂದಿದ್ದಳೆಂದು ಕಾಣುತ್ತದೆ. ನೇರ ರಸ್ತೆ ದಾಟಿ ಬಂದು ನನ್ನೆದುರು ನಿಂತಳು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನೆದುರು ದನಿ ಎತ್ತಿದವಳಲ್ಲ.

"ಇನ್ನೂ ಏನ್ ಕೇಳಕ್ ಬಂದ್ರಿ ಅತ್ಗೆ?"

"ಕೇಳೋಕೆ ಬಂದಿಲ್ಲ. ನೋಡೋಕೆ ಬಂದೆ."

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಗಾದೆ ಕೇಳಿದ್ದೆ, ಕಣ್ಣಾರೆ ನೋಡಿರಲಿಲ್ಲ. ತುಂಬಿದ ಪಂಕ್ತೀಲಿ ಅನ್ನಿಸಿದ್ರಲ್ಲ ಇವ್ರಿಗೆ, ಹುಳ ಇಟ್ಟು ಕಳಿಸಿದ್ರು ಅಂತ!"

"ನಾನು ಮೊಳ ಹಾಕಲಿಲ್ಲ. ಹಾಕಿದವಳು ಹಳೇಬೀಡಿನಲ್ಲಿದ್ದಾಳೆ. ಅವಳಿಗೆ ಅಲ್ಲೇ ಉತ್ತರ ಕೊಟ್ಟೆ. ನಿನ್ನ ಗಂಡ ಅದನ್ನ ಕೇಳೋಕೆ ನಿಲ್ಲಲಿಲ್ಲ."

"ಅವ್ರು ಎಲ್ಲಿ ನಿಂತಾರು? ಅವತ್ತಿಂದ ಊಟ ಇಲ್ಲ, ನಿದ್ದೆ ಇಲ್ಲ. ನನಗೆ ತಿಪಟೂರಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಬೆಂಗಳೂರಿಗೆ ಹೋಗವ್ರೆ. ನಿಮ್ಮ ಡಾಕ್ಟ್ರ ಹತ್ರ. ಯಾಕೆ ಗೊತ್ತಾ? 'ನಾನು ಕೊಟ್ಟಿದ್ದು ಕೌಟು ಬಂದೈತೆ, ಅದನ್ನ ತೆಗೆದುಬಿಡಿ, ಇನ್ನೊಂದು ಐತೆ, ಅದನ್ನ ಹಾಕಿ' ಅನ್ನೋಕೆ!"

ಜಗಲಿಯ ಮೇಲೆ ಕುಳಿತೆ. ಸೂಜಿ ಚುಚ್ಚಿದ ಜಾಗ ನೋಯುತ್ತಿತ್ತು.

"ಇನ್ನೊಂದು ಕೊಟ್ಟರೆ ಬದುಕೋದು ಹೇಗಂತೆ ಅವನು?"

"ಅದನ್ನೇ ಡಾಕ್ಟ್ರೂ ಕೇಳಿದ್ರಂತೆ. ಬೈದು ಕಳಿಸವ್ರೆ. ಇವ್ರು ಮನೆಗೆ ಬಂದು, 'ಆ ಡಾಕ್ಟ್ರಿಗೆ ವ್ಯಾಪಾರ ಗೊತ್ತಿಲ್ಲ' ಅಂತಾರೆ. ನೋಡಿ ಅತ್ಗೆ, ಒಂದು ಕೊಡುವಾಗ ನಾನು ಒಂದು ಮಾತು ಆಡಲಿಲ್ಲ. ಎರಡನೇದಕ್ಕೆ ನಾನು ಬಿಡಲ್ಲ. ನಿಮ್ಮ ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ, ಕೋರ್ಟು ಕಚೇರಿ ಹತ್ತು ಅಂದ್ರೂ ಹತ್ತೀನಿ."

ಅವಳ ಕಣ್ಣಿನಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. ಅವಳು ಫೋನಿನಲ್ಲಿ ಆಡಿದ ಚುಟುಕು ಮಾತುಗಳನ್ನು ನಾನು ಅದುವರೆಗೆ ಸೊಕ್ಕೆಂದು ಎಣಿಸಿದ್ದೆ. ಗಂಡನನ್ನು ಕಾಯುತ್ತಿದ್ದ ಹೆಂಗಸಿನ ಬಿಗುವೆಂದು ಆಗ ತಿಳಿಯಿತು.

ತಮ್ಮ ಹೊರಗೆ ಬಂದ. ತಲೆಗೂದಲು, ಹುಬ್ಬು, ಅಂಗಿ ಎಲ್ಲದರ ಮೇಲೂ ಕೊಬ್ಬರಿಯ ಕಂದು ಧೂಳು. ರಸ್ತೆಯ ನಡುವೆ ನಿಂತು, ಅಂಗೈ ತೋರಿಸಿದ. "ಹತ್ರ ಬರಬೇಡ ಅಕ್ಕ. ಮೈಯೆಲ್ಲ ಧೂಳೈತೆ."

"ನಾನು ಕೂತಿದ್ದೀನಿ. ನೀನೇ ಅಲ್ಲಿಂದ ಮಾತಾಡು."

ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಅವನು ಎರಡು ಹೆಜ್ಜೆ ಈಚೆ ಬಂದು ಮತ್ತೆ ನಿಂತ.

"ಡಾಕ್ಟ್ರು ನನ್ನದ್ರಿಂದ್ಲೇ ಬಂದದ್ದು ಅಂದ್ರಾ ಅಕ್ಕ? ನಿಜ ಹೇಳು. ನೀನು ಸುಳ್ಳು ಹೇಳಲ್ಲ."

ಅಲ್ಲ ಎಂದುಬಿಡುವುದು ಸುಲಭವಿತ್ತು. ನಮ್ಮ ಯಜಮಾನರು ಹಿಂದಿನಿಂದ, ಅಲ್ಲವೆನ್ನು, ಅಲ್ಲವೆನ್ನು ಎಂದು ಕೈಸನ್ನೆ ಮಾಡುತ್ತಿದ್ದರು. ಮೊದಲೇ ಬಾಯಿ ಮುಚ್ಚಿಕೊಂಡಿದ್ದರೆ ಈ ಸನ್ನೆಯ ಅಗತ್ಯವಿರುತ್ತಿರಲಿಲ್ಲ. ಆದರೆ ಅವನು ಕೇಳಿದ್ದು ನಿಜವನ್ನು.

"ನಿನ್ನದರಿಂದ ಬಂದಿರಬಹುದು. ಹಾಗಾಗೋದೇ ಹೆಚ್ಚು ಅಂದರು. ನನ್ನದೇ ಆಗಿರಲೂಬಹುದು. ಹೇಳೋಕೆ ಬರಲ್ಲ ಅಂದರು. ಲೋಕದ ಮುಕ್ಕಾಲು ಜನದಲ್ಲಿ ಅದು ಇರುತ್ತಂತೆ, ಇದೆ ಅಂತ ಯಾರಿಗೂ ಗೊತ್ತಾಗಲ್ಲವಂತೆ."

"ಗೊತ್ತಿರ್ಲಿಲ್ಲ ಅನ್ನೋ ಮಾತು ನಮ್ಮ ಮಂಡೀಲಿ ಇಲ್ಲ ಅಕ್ಕ. ಅಪ್ಪ ಇದ್ದಿದ್ರೆ ಏನ್ ಮಾಡ್ತಿದ್ರು?"

"ಅಪ್ಪ ಕಿಡ್ನಿ ಮಾರ್ತಿದ್ದರೇನೋ?"

ನಾನು ಇಡೀ ಆಯುಷ್ಯ ಕುಳಿತು ಓದಿದ ಪತ್ರಗಳಲ್ಲಿ ಎರಡೇ ಬಗೆ. ಕ್ರಯಪತ್ರದಲ್ಲಿ, ಸ್ವತ್ತಿನಲ್ಲಿ ಏನಾದರೂ ತೊಡಕು ಕಂಡುಬಂದರೆ ನಾನೇ ಹೊಣೆಯೆಂದು ಮಾರಿದವನು ಬರೆದುಕೊಡುತ್ತಾನೆ. ದಾನಪತ್ರದಲ್ಲಿ ಅಂಥ ಸಾಲು ಇರುವುದಿಲ್ಲ. ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಎಂದು ಕೊಟ್ಟವನು, ಇದ್ದ ಸ್ಥಿತಿಯಲ್ಲಿ ಒಪ್ಪಿಕೊಂಡಿದ್ದೇನೆ ಎಂದು ಪಡೆದವನು. ಅಲ್ಲಿಗೆ ಮುಗಿಯಿತು.

"ನಾನು ನಿನ್ನ ಹತ್ತಿರ ಕ್ರಯಕ್ಕೆ ತಗೊಂಡಿಲ್ಲ ಕಣೋ, ಕೌಟು ಅಂತ ವಾಪಸ್ ಕಳಿಸೋಕೆ. ದಾನ ತಗೊಂಡಿದ್ದೀನಿ. ಬಾವಿ ಇದ್ದರೆ ಬಾವಿ ನನ್ನದು, ಹಾವಿನ ಹುತ್ತ ಇದ್ದರೆ ಹುತ್ತಾನೂ ನನ್ನದು. ಅದರಲ್ಲಿ ನಿನ್ನ ಹೊಣೆ ಏನೂ ಇಲ್ಲ. ನಿನ್ನ ಹೊಟ್ಟೇಲಿ ಉಳಿದಿರೋದು ನಿನ್ನ ಹೆಂಡತಿ ಮಕ್ಕಳದು. ಅದರ ಮೇಲೆ ನಿನಗೂ ಹಕ್ಕಿಲ್ಲ, ನನಗೂ ಇಲ್ಲ."

ತಮ್ಮನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, "ಕೇಳಿದ್ರಾ?" ಎಂದಳು. ಅವನಿಗೋ ನನಗೋ ತಿಳಿಯಲಿಲ್ಲ.

ತಮ್ಮ ಒಮ್ಮೆ ಮಂಡಿಯ ಕಡೆ ತಿರುಗಿ ನೋಡಿದ. ಆಮೇಲೆ, "ಹೋದ್ರೆ? ಅದು ಹೋಗೇಬಿಟ್ರೆ?" ಎಂದ.

"ಹೋದರೆ ಮತ್ತೆ ಡಯಾಲಿಸಿಸ್ ಕುರ್ಚಿ. ಅದರಲ್ಲಿ ಕೂತು ಗೊತ್ತಿದೆ ನನಗೆ. ನೀನು ಕೊಟ್ಟಿದ್ದರಿಂದ ಇಷ್ಟು ವರ್ಷ ಅದರಿಂದ ಎದ್ದಿದ್ದೆ. ಅದನ್ನ ಯಾರೂ ವಾಪಸ್ ಕೇಳೋಕಾಗಲ್ಲ."

ಇದನ್ನು ಹೇಳುವಾಗ ನನ್ನಲ್ಲಿ ಧೈರ್ಯವಿತ್ತೆಂದು ಯಾರೂ ತಿಳಿಯಬಾರದು. ಸಾಕಾಗಿತ್ತು, ಅಷ್ಟೆ. ಆ ಕುರ್ಚಿಯನ್ನು ನೆನೆದರೆ ಇಂದಿಗೂ ನನ್ನ ತೋಳಿನ ನರ ಬಿಗಿಯುತ್ತದೆ. ಆದರೆ ಅವನ ಇನ್ನೊಂದು ಮೂತ್ರಪಿಂಡದ ಎದುರಿನಲ್ಲಿ ಆ ಕುರ್ಚಿ ನನಗೆ ಚಿಕ್ಕದಾಗಿ ಕಂಡಿತು.

ಮನೆಗೆ ಹೋಗಿ ಊಟ ಮಾಡೋಣವೆಂದು ತಮ್ಮನ ಹೆಂಡತಿ ಕರೆದಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟೆವು. ಬಾಣಾವರ, ಜಾವಗಲ್ಲು ದಾಟಿ ಹಳೇಬೀಡಿನಲ್ಲಿ ಬಸ್ಸು ನಿಂತಾಗ ಯಜಮಾನರು, "ತಂಗಿ ಮನೆಗೆ ಇಳಿದು ಒಂದು ಮಾತು ಆಡಿಸಿಕೊಂಡು ಹೋಗೋಣ್ವಾ?" ಎಂದರು. ನಾನು ಕಿಟಕಿಯ ಗಾಜನ್ನು ಎಳೆದು ಮುಚ್ಚಿದೆ. ಅವರು ಮತ್ತೆ ಕೇಳಲಿಲ್ಲ.

ಫಲಿತಾಂಶ ಬಂದದ್ದು ಆ ವಾರ ಕಳೆಯುವುದರೊಳಗೆ. ವೈದ್ಯರೇ ಮಾತನಾಡಿದರು. ಹಾಳು ಮಾಡುತ್ತಿದ್ದುದು ವೈರಸ್ಸು, ಕಾವಲು ಅಲ್ಲ. ಆದ್ದರಿಂದ ಅರ್ಧ ಮಾಡಿದ್ದ ಮಾತ್ರೆಯನ್ನು ಪೂರ್ತಿ ನಿಲ್ಲಿಸಬೇಕು, ಇನ್ನೊಂದನ್ನು ಇಳಿಸಬೇಕು. ಈಗಾಗಲೇ ಕಲೆಗಟ್ಟಿದ ಭಾಗ ಮತ್ತೆ ಕೆಲಸಕ್ಕೆ ಬಾರದು. ಉಳಿದದ್ದನ್ನು ಉಳಿಸಿಕೊಳ್ಳುವುದು. ಮುಂದಿನ ತಿಂಗಳುಗಳಲ್ಲಿ ಹಾಸನದ ಪ್ರಯೋಗಾಲಯದವರು ನನ್ನ ತೋಳಿನಿಂದ ತೆಗೆದ ರಕ್ತದಲ್ಲಿ ವೈರಸ್ಸು ಮೆಲ್ಲಗೆ ಇಳಿಯಿತು. ಮೂತ್ರಪಿಂಡ ಮೊದಲಿನಂತಾಗಲಿಲ್ಲ, ಇನ್ನೂ ಕೆಳಗೆ ಇಳಿಯಲೂ ಇಲ್ಲ. ಇದನ್ನು ಗೆಲುವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನಿತ್ರಾಣ ಹಾಗೆಯೇ ಇದೆ, ಕಾಲು ಊದುತ್ತದೆ, ಮಾಸ್ಕಿನೊಳಗೆ ಉಸಿರು ಬಿಸಿಯಾಗುತ್ತದೆ. ನಾದಿನಿ ಇಂದಿನವರೆಗೆ ಆಡಿದ ಮಾತನ್ನು ಹಿಂತೆಗೆದುಕೊಂಡಿಲ್ಲ. ಅವಳ ಹೊಸ ಮನೆಯ ಹೊಸ್ತಿಲನ್ನು ನಾನು ಮತ್ತೆ ತುಳಿದಿಲ್ಲ, ತುಳಿಯುವುದೂ ಇಲ್ಲ.

ಕಡೆಯ ಸಲ ರಕ್ತದ ವರದಿ ಬಂದ ಸಂಜೆ ತಮ್ಮನಿಗೆ ಫೋನು ಮಾಡಿ ತಿಳಿಸಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು,

"ಪೂರ್ತಿ ಹೋಗಲ್ವಂತಾ ಅದು?" ಎಂದ.

"ಹೋಗಲ್ಲ. ಮೂಲೇಲಿ ಕೂತಿರುತ್ತೆ. ಅದನ್ನ ಕೂರಿಸಿಟ್ಟುಕೊಳ್ಳೋದೇ ಔಷಧಿ."

"ಹಂಗಾದ್ರೆ ನನ್ನದ್ರಲ್ಲೂ ಕೂತಿರ್ತದೆ ಅನ್ನು."

"ಕೂತಿದ್ದರೆ ಕೂತಿರಲಿ. ಅದರ ಗೊಡವೆಗೆ ಹೋಗಬೇಡ."

ಫೋನಿನ ಆ ತುದಿಯಲ್ಲಿ ಏನೋ ಎಳೆದಾಟವಾಯಿತು, ತಮ್ಮನ ಹೆಂಡತಿಯ ದನಿ ಬಂತು. "ಅತ್ಗೆ, ಇವ್ರು ಇನ್ನೊಂದ್ ಸಲ ತಿಪಟೂರು ಅಂತ ಹೊರಟ್ರೆ ನಾನು ನಿಮಗೇ ಫೋನ್ ಮಾಡೋಳು. ನೀವು ಹೇಳಿದ್ರೆ ಮಾತ್ರ ಕೇಳೋದು ಇವ್ರು."

"ಮಾಡು," ಎಂದೆ. "ನಾನು ಇರೋ ತನಕ ಮಾಡು."